ತೋರಿಸುವ ಮುನ್ನ ಓದು

ಮಗಳೇ,

ಇರುವ ಕೆಲಸ ಬಿಟ್ಟು ಸ್ವಂತವಾಗಿ ರಿಯಲ್ ಎಸ್ಟೇಟ್ ಏಜೆಂಟ್ ಆಗುತ್ತೀಯಂತೆ, ರೇರಾದಲ್ಲಿ ಹೆಸರು ನೋಂದಾಯಿಸಲು ಹೊರಟಿದ್ದೀಯಂತೆ. ನಿನ್ನಪ್ಪ ಫೋನು ಮಾಡಿ, "ಅಣ್ಣಾ, ನೀನಾದರೂ ಬುದ್ಧಿ ಹೇಳು, ಹೆಣ್ಣುಮಗಳು ಬ್ರೋಕರ್ ಕೆಲಸಕ್ಕೆ ಹೋಗೋದುಂಟಾ" ಅಂದ. ಬೇಡ ಅನ್ನಲು ನಾನು ಇದನ್ನು ಬರೆಯುತ್ತಿಲ್ಲ. ತುಮಕೂರಿನಲ್ಲಿ ಪತ್ರ ಬರಹಗಾರನಾಗಿಯೇ ಆಯುಸ್ಸು ಕಳೆದವನು ನಾನು. ಕ್ರಯಪತ್ರದ ಕೊನೆಗೆ ಬಿಕ್ಕಲಂ ಎಂದು ಬರೆದು ಸಹಿ ಹಾಕುವಾಗಲೆಲ್ಲ ಮಾರುವವರನ್ನೂ ಕೊಳ್ಳುವವರನ್ನೂ, ಅವರಿಬ್ಬರನ್ನು ಕರೆತಂದವರನ್ನೂ ಹತ್ತಿರದಿಂದ ನೋಡಿದ್ದೇನೆ. ಕರೆತಂದವನು ಸರಿಯಿದ್ದರೆ ಎರಡು ಮನೆಗಳಿಗೆ ನೆಮ್ಮದಿ. ಸರಿಯಿಲ್ಲದಿದ್ದರೆ ಅಪ್ಪ ಹಾಕಿದ ಕೇಸನ್ನು ಮಗ ನಡೆಸುತ್ತಾನೆ. ಇಷ್ಟು ತೂಕದ ಕೆಲಸವನ್ನು ನಿನ್ನಂಥ ಓದಿದವಳು ಮಾಡಬಾರದೇಕೆ? ಮಾಡು. ಆದರೆ ಏನನ್ನು ಹೊತ್ತುಕೊಳ್ಳುತ್ತಿದ್ದೀಯ ಎಂಬುದು ಗೊತ್ತಿದ್ದು ಮಾಡು.

ಸುಲಭದ ಭಾಗ ಮೊದಲು. ರೇರಾ ಎಂದು ಎಲ್ಲರೂ ಅನ್ನುವ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ 2016ರದು, ಪೂರ್ತಿ ಜಾರಿಗೆ ಬಂದದ್ದು 2017ರ ಮೇ 1ರಂದು. ಕರ್ನಾಟಕ ಅದೇ ವರ್ಷದ ಜುಲೈನಲ್ಲಿ ತನ್ನ ನಿಯಮಗಳನ್ನು ಮಾಡಿತು. ಆ ನಿಯಮಗಳ ಪ್ರಕಾರ ನಿನ್ನೊಬ್ಬಳ ಹೆಸರಿನಲ್ಲಿ ನೋಂದಣಿಗೆ ಶುಲ್ಕ 25,000 ರೂಪಾಯಿ; ಕಂಪನಿಯೋ ಪಾಲುದಾರಿಕೆಯೋ ಆದರೆ 2 ಲಕ್ಷ. ಶುರುವಿಗೆ ಒಬ್ಬಳೇ ಸಾಕು. ಅರ್ಜಿ ನಮೂನೆ ಜಿ, ಆನ್‌ಲೈನಿನಲ್ಲೇ ತುಂಬುವುದು. ಪ್ಯಾನ್, ಫೋಟೊ, ಕಚೇರಿ ವಿಳಾಸದ ದಾಖಲೆ, ಹಿಂದಿನ ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತಾರೆ. ಸಂಬಳದ ಕೆಲಸದಲ್ಲಿದ್ದೆಯಲ್ಲ, ರಿಟರ್ನ್ಸ್ ನಿನ್ನ ಬಳಿ ಇದ್ದೇ ಇರುತ್ತದೆ. ನೋಂದಣಿ ಐದು ವರ್ಷಕ್ಕೆ, ಇಡೀ ರಾಜ್ಯಕ್ಕೆ ಒಂದೇ. ಬೆಂಗಳೂರಿಗೊಂದು, ಮೈಸೂರಿಗೊಂದು ಬೇಕಾಗಿಲ್ಲ. ಅತ್ತಿಬೆಲೆ ದಾಟಿ ಹೊಸೂರಿನ ಪ್ರಾಜೆಕ್ಟು ಮಾರಲು ಹೋದೆಯೋ, ಆಗ ತಮಿಳುನಾಡಿನ ನೋಂದಣಿ ಬೇರೆ ಬೇಕು. ಗಡಿಯಂಚಿನಲ್ಲಿ ಕೆಲಸ ಮಾಡುವ ಎಷ್ಟೋ ಜನ ಇದನ್ನು ಲೆಕ್ಕಕ್ಕೇ ಇಟ್ಟುಕೊಂಡಿರುವುದಿಲ್ಲ.

ಅರ್ಜಿಯನ್ನು ನೀನೇ ತುಂಬು. ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವವರು ಬಹಳ ಮಂದಿ ಇದ್ದಾರೆ. ಕರ್ನಾಟಕದ ರೇರಾ ಪ್ರಾಧಿಕಾರವಾದ ಕೆ-ರೇರಾದ ಜಾಲತಾಣದಲ್ಲಿ ಎಲ್ಲಿ ಏನು ಸಿಗುತ್ತದೆ ಎಂಬುದು ನಿನ್ನ ಅರ್ಜಿಯ ನೆಪದಲ್ಲೇ ಕೈಗೆ ಹತ್ತಲಿ. ನಾಳೆ ಗಿರಾಕಿಯ ಎದುರು ಕೂತು ಅದೇ ಜಾಲತಾಣವನ್ನು ತೆರೆದು ತೋರಿಸಬೇಕಾದವಳು ನೀನು.

ಮಹಾರಾಷ್ಟ್ರದಲ್ಲಿ 2023ರಿಂದ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿದ್ದಾರೆ. ಕಟ್ಟಡಗಳ ವಿಷಯ ಬಾಯಿಪಾಠ ಮಾಡಿಕೊಂಡು ಮಾತಾಡುವವನಿಗೂ ಕಾಯ್ದೆ ಓದಿದವನಿಗೂ ವ್ಯತ್ಯಾಸ ಇರಲಿ ಎಂಬುದು ಅದರ ಉದ್ದೇಶ. ನನಗದು ಸರಿ ಅನ್ನಿಸುತ್ತದೆ. ಪತ್ರ ಬರೆಯುವ ನಮಗೂ ಲೈಸೆನ್ಸ್ ಇತ್ತು, ಒಂದು ಅಕ್ಷರ ತಪ್ಪಿದರೆ ನಮ್ಮ ಹೆಸರು ಹಿಡಿದು ಕೇಳುತ್ತಿದ್ದರು. ಲಕ್ಷಾಂತರ ರೂಪಾಯಿಯ ವ್ಯವಹಾರ ಕುದುರಿಸುವವನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಪತ್ರದಲ್ಲಿ ಅವನ ಹೆಸರೇ ಇರುತ್ತಿರಲಿಲ್ಲ. ನಿನಗೆ ಯಾರು ಪರೀಕ್ಷೆ ಮಾಡಲಿ, ಬಿಡಲಿ, ಕಾಯ್ದೆಯ 9 ಮತ್ತು 10ನೇ ಕಲಮುಗಳನ್ನು ನಾಲ್ಕು ಸಲ ಓದು. ಎರಡೂ ಸೇರಿ ಎರಡು ಪುಟ ದಾಟುವುದಿಲ್ಲ.

ನಿನ್ನ ಜೊತೆಯವರು ಯಾರಾದರೂ ಹೇಳಬಹುದು: "ಬಾಡಿಗೆ ಮನೆ ತೋರಿಸೋಕೆ, ಹಳೇ ಮನೆ ಮಾರಿಸೋಕೆ ರೇರಾ ಬೇಕಿಲ್ಲ, 25,000 ಯಾಕೆ ಸುಮ್ಮನೆ ಕಟ್ತೀಯ?" ಅವರ ಮಾತು ಪೂರ್ತಿ ಸುಳ್ಳಲ್ಲ. ಕಾಯ್ದೆ ಕೇಳುವುದು, ನೋಂದಣಿ ಆಗಲೇಬೇಕಾದ ಪ್ರಾಜೆಕ್ಟಿನ ನಿವೇಶನವನ್ನೋ ಫ್ಲ್ಯಾಟನ್ನೋ ಮಾರಿಸುವವರ ನೋಂದಣಿಯನ್ನು. 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮನೆ ಮೀರದ ಕಟ್ಟಡ ಆ ಕಟ್ಟಿಗೇ ಬರುವುದಿಲ್ಲ. ಆದರೂ ಮಾಡಿಸು. ಇವತ್ತು ಬಾಡಿಗೆ ಮನೆ ಹುಡುಕಿಕೊಟ್ಟವರೇ ನಾಳೆ ಫ್ಲ್ಯಾಟು ಬೇಕು ಅನ್ನುತ್ತಾರೆ, ಆಗ ಕೈಕಟ್ಟಿ ಕೂರಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಂಬರಿಲ್ಲದೆ ಒಂದು ಸಲ ವ್ಯವಹಾರ ಮಾಡಿ ದಕ್ಕಿಸಿಕೊಂಡವರು ಎರಡನೇ ಸಲ ಯೋಚಿಸುವುದೇ ಇಲ್ಲ.

ದಂಡದ ಲೆಕ್ಕವನ್ನೂ ಕೇಳು. ನೋಂದಣಿ ಇಲ್ಲದೆ ಮಾರಿಸಿದರೆ ತಪ್ಪು ಮುಂದುವರಿದ ಪ್ರತಿ ದಿನಕ್ಕೆ 10,000 ರೂಪಾಯಿ, ಒಟ್ಟು ಆ ಸ್ವತ್ತಿನ ಬೆಲೆಯ ಶೇ 5ರವರೆಗೆ. 60 ಲಕ್ಷದ ಫ್ಲ್ಯಾಟು ಅಂದುಕೊಂಡರೆ 3 ಲಕ್ಷ; ಮೂವತ್ತು ದಿನಕ್ಕೆ ಅಷ್ಟಾಗುತ್ತದೆ. ಶೇ 2ರಂತೆ ನಿನಗೆ ಸಿಗುವ ಕಮಿಷನ್ 1 ಲಕ್ಷ 20 ಸಾವಿರ. ನೋಂದಣಿ ಇದ್ದೂ 10ನೇ ಕಲಮು ಮುರಿದರೆ ಇದೇ ದಂಡ, ಮೇಲೆ ನೋಂದಣಿಯೂ ರದ್ದಾಗಬಹುದು.

ಹತ್ತನೇ ಕಲಮು ಹೇಳುವುದು ಏನು? ನೋಂದಣಿ ಆಗದ ಪ್ರಾಜೆಕ್ಟನ್ನು ಮಾರಿಸಬೇಡ. ಲೆಕ್ಕಪತ್ರ ಇಡು. ಬಿಲ್ಡರಿಗೆ ಇಲ್ಲದ ಅನುಮತಿಯನ್ನು ಇದೆ ಅನ್ನಬೇಡ. ಬುಕಿಂಗ್ ಹೊತ್ತಿಗೆ ಕೊಳ್ಳುವವರಿಗೆ ಸಲ್ಲಬೇಕಾದ ಎಲ್ಲ ಮಾಹಿತಿ, ಎಲ್ಲ ದಾಖಲೆ ಅವರ ಕೈಸೇರುವಂತೆ ನೋಡಿಕೋ. ಓದಲು ಸಪ್ಪೆಯಾಗಿದೆ. ಆದರೆ ನಿನ್ನ ಕಸುಬಿನಲ್ಲಿ ದಿನಾ ನಡೆಯುವುದನ್ನು ಇದರ ಪಕ್ಕ ಇಟ್ಟು ನೋಡು. ಪ್ರಿ-ಲಾಂಚ್ ಆಫರ್ ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ಈಗ ಕಟ್ಟಿದರೆ ಚದರಡಿಗೆ ಐನೂರು ಕಡಿಮೆ ಎಂದು? ನೋಂದಣಿಗೆ ಮುಂಚೆ ಜಾಹೀರಾತೂ ಕೂಡದು, ಬುಕಿಂಗೂ ಕೂಡದು. ಅದನ್ನು ನೀನು ಫಾರ್ವರ್ಡ್ ಮಾಡಿದರೆ ನಿನ್ನದೂ ತಪ್ಪೇ. "ರೇರಾ ಅಪ್ಲೈಡ್" ಎಂದು ಸ್ವೀಕೃತಿ ಸಂಖ್ಯೆ ಹಾಕಿ ಕರಪತ್ರ ಹಂಚುವವರಿದ್ದಾರೆ. ಅರ್ಜಿ ತಲುಪಿದೆ ಎಂಬುದಕ್ಕೆ ಮಾತ್ರ ಅದು ರಸೀದಿ. ನಮ್ಮ ರಾಜ್ಯದ ನೋಂದಣಿ ಸಂಖ್ಯೆ ಪಿಆರ್‌ಎಂ/ಕೆಎ/ರೇರಾ ಎಂದು ಶುರುವಾಗುತ್ತದೆ, ಪ್ರಾಜೆಕ್ಟಿಗೆ ನಡುವೆ ಪಿಆರ್ ಎಂದೂ ಏಜೆಂಟಿಗೆ ಎಜಿ ಎಂದೂ ಬರುತ್ತದೆ. ಏಜೆಂಟನ ನಂಬರನ್ನೇ ಪ್ರಾಜೆಕ್ಟಿನದು ಎಂದು ತೋರಿಸಿದರೂ ನಂಬುವ ಜನ ನಮ್ಮವರು. ನೀನು ವ್ಯತ್ಯಾಸ ಬಿಡಿಸಿ ಹೇಳು.

ಇಷ್ಟು ಕಾಯ್ದೆಯ ಮಾತಾಯಿತು. ನಿಜವಾಗಿ ಹೇಳಬೇಕಾದದ್ದು ಇನ್ನು ಮುಂದಿದೆ.

ರೇರಾದವರು ನೋಂದಣಿ ಮಾಡಿದ ಮಾತ್ರಕ್ಕೆ ಆ ಜಮೀನಿನ ಹಕ್ಕು ಶುದ್ಧವಾಯಿತು ಎಂದಲ್ಲ. ಇದನ್ನು ಬಹಳ ಏಜೆಂಟರು ಮರೆತಿದ್ದಾರೆ, ಇಲ್ಲವೇ ಮರೆತವರಂತೆ ಇದ್ದಾರೆ. ಹಕ್ಕು ಇರುವುದು ಹಳೆಯ ಕಾಗದಗಳಲ್ಲಿ. ಅದನ್ನು ಲಾಯರು ನೋಡಿಕೊಳ್ಳುತ್ತಾರೆ, ಬ್ಯಾಂಕಿನವರು ನೋಡಿಕೊಳ್ಳುತ್ತಾರೆ ಎಂದು ನಿನಗೆ ಹೇಳಿಕೊಡುತ್ತಾರೆ. ನೋಡಿಕೊಳ್ಳಲಿ. ಆದರೆ ಲಾಯರ ಹತ್ತಿರ ಹೋಗುವ ಹೊತ್ತಿಗೆ ಗಿರಾಕಿ ಮುಂಗಡ ಕೊಟ್ಟಾಗಿರುತ್ತದೆ, ಮನೆಯವರಿಗೆ ಸೈಟು ತೋರಿಸಿ ಆಗಿರುತ್ತದೆ, ಮಗಳ ರೂಮು ಎಲ್ಲಿ ಬರಬೇಕು ಎಂದೂ ಮಾತಾಡಿಕೊಂಡಿರುತ್ತಾರೆ. ಆಮೇಲೆ ಲಾಯರು ಬೇಡ ಅಂದರೂ ಆ ಮನಸ್ಸು ಕೇಳುವುದಿಲ್ಲ. ಆಸೆ ಹುಟ್ಟಿಸುವವಳು ನೀನು. ಹುಟ್ಟಿಸುವ ಮುನ್ನ ಓದುವುದೂ ನಿನ್ನ ಕೆಲಸ.

ನನ್ನ ಮೇಜಿಗೆ ಬಂದ ಒಂದು ವ್ಯವಹಾರ ಹೇಳುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರು ಊರಾಚೆ ಒಂದು ನಿವೇಶನ ಒಪ್ಪಿಕೊಂಡು ಬಂದಿದ್ದರು. ಪಿಂಚಣಿಯ ಜೊತೆ ಬಂದ ಇಡಿಗಂಟು ಪೂರ್ತಿ ಅದಕ್ಕೆ. ಮಾರುವವರು ಮೂವರು ಅಣ್ಣತಮ್ಮಂದಿರು, ಪಿತ್ರಾರ್ಜಿತ ಸ್ವತ್ತು. ವಂಶವೃಕ್ಷದಲ್ಲಿ ಒಬ್ಬಳು ಅಕ್ಕ ಇದ್ದಳು. ಆಕೆಯ ಸಹಿ ಎಲ್ಲಿ ಎಂದು ಕೇಳಿದೆ. "ಮದುವೆ ಮಾಡಿ ಕೊಟ್ಟಾಯಿತು, ಆಕೆ ಕೇಳೋದಿಲ್ಲ ಬಿಡಿ" ಎಂದು ಕರೆತಂದ ದಲ್ಲಾಳಿಯೇ ಉತ್ತರ ಕೊಟ್ಟ. ಆಕೆಯನ್ನು ಕರೆತನ್ನಿ, ಆಮೇಲೆ ಬರೆಯುತ್ತೇನೆ ಎಂದು ಕಳಿಸಿದೆ. ಬೇರೆ ಕಡೆ ಬರೆಸಿಕೊಂಡರು. ಮೇಷ್ಟ್ರು ತಳಪಾಯ ಹಾಕಿಸುವ ಹೊತ್ತಿಗೆ ಆ ಅಕ್ಕ ಪಾಲು ಕೇಳಿ ದಾವೆ ಹೂಡಿದಳು, ತಡೆಯಾಜ್ಞೆ ಬಂತು. ಆಕೆಯದು ತಪ್ಪಲ್ಲ, ಹುಟ್ಟಿನಿಂದ ಬಂದ ಹಕ್ಕು ಆಕೆಯದು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಮಾಡಿತ್ತು, ಕೇಂದ್ರ 2005ರಲ್ಲಿ ಮಾಡಿತು, ತಂದೆ ತಿದ್ದುಪಡಿಗೆ ಮುಂಚೆಯೇ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟಾದ ಮೇಲೂ ನಮ್ಮ ಜಿಲ್ಲೆಗಳಲ್ಲಿ ಅರ್ಧ ತಕರಾರು ಶುರುವಾಗುವುದು ಹೆಣ್ಣುಮಕ್ಕಳ ಸಹಿ ಬಿಟ್ಟಲ್ಲೇ. ಹೆಣ್ಣಾದ ನೀನು ಆ ಸಹಿ ಕೇಳದೆ ಒಂದು ಸ್ವತ್ತನ್ನೂ ತೋರಿಸಬೇಡ.

ಆ ದಲ್ಲಾಳಿಗೆ ಏನೂ ಆಗಲಿಲ್ಲ. ಪತ್ರದಲ್ಲಿ ಅವನ ಹೆಸರಿರಲಿಲ್ಲ. ಕಮಿಷನ್ ತೆಗೆದುಕೊಂಡು ಫೋನ್ ನಂಬರ್ ಬದಲಿಸಿದ. ಪ್ರಾಜೆಕ್ಟುಗಳ ಮಟ್ಟಿಗಾದರೂ ಈಗ ಹಾಗೆ ಆಗದಿರುವಂತೆ, ಮಾರಿಸಿದ ಪ್ರತಿ ವ್ಯವಹಾರದಲ್ಲೂ ಏಜೆಂಟನ ನೋಂದಣಿ ಸಂಖ್ಯೆ ನಮೂದಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಿನ್ನ ನಂಬರು ಆ ಕಾಗದದ ಜೊತೆ ಉಳಿಯುತ್ತದೆ. ಬಿಕ್ಕಲಂ ಹಾಕಿದ ನನ್ನ ಹೆಸರು ಉಳಿದ ಹಾಗೆಯೇ.

ಕಾಗದ ಓದುವುದನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತೀಯ. ಮಾಲೀಕರ ಮುಖ ನೋಡುವುದರಿಂದ. "ಓನರ್ ಗೊತ್ತಿಲ್ಲ, ಅವರ ಕಡೆಯವರು ಗೊತ್ತು" ಎನ್ನುವ ನಾಲ್ಕೈದು ಜನರ ಸರಪಳಿ ನಿಮ್ಮ ಕಸುಬಿನ ದೊಡ್ಡ ಕೇಡು. ಮಾಲೀಕರನ್ನು ಕಂಡು, ಅವರ ಗುರುತಿನ ಚೀಟಿ ನೋಡಿ, ಮೂಲಪತ್ರ ಎಲ್ಲಿದೆ ಎಂದು ಕೇಳು. ಮೂಲಪತ್ರ ಬ್ಯಾಂಕಿನಲ್ಲಿದೆ ಎಂದರೆ ತಪ್ಪೇನಿಲ್ಲ, ಸಾಲ ಎಷ್ಟಿದೆ ಎಂದು ಬರೆದುಕೋ. ಕಳೆದುಹೋಗಿದೆ ಎಂದರೆ ಅಲ್ಲೇ ನಿಲ್ಲಿಸಿ ಲಾಯರನ್ನು ಕರೆ.

ಆಮೇಲೆ ಋಣಭಾರ ಪತ್ರ. ಇಸಿ ಎಂದು ನೀವೆಲ್ಲ ಕರೆಯುವುದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನಾಗಿ ಸಿಗುವುದು 2004ರ ಏಪ್ರಿಲಿನಿಂದ ಈಚಿನದು. ಅದಷ್ಟನ್ನೇ ನೋಡಿ ಕ್ಲಿಯರ್ ಅನ್ನುವ ಹುಡುಗರನ್ನು ನೋಡಿದ್ದೇನೆ. ಮೂವತ್ತು ವರ್ಷದ್ದಾದರೂ ಬೇಕು, ಹಿಂದಿನದಕ್ಕೆ ಕಚೇರಿಗೆ ಹೋಗಿ ಕೈಬರಹದ ದಾಖಲೆಯಿಂದ ತೆಗೆಸಬೇಕು. ಇನ್ನೊಂದು ಮಾತು: ನೋಂದಣಿಯಾದ ವ್ಯವಹಾರ ಮಾತ್ರ ಇಸಿಯಲ್ಲಿ ಕಾಣುತ್ತದೆ. ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ, ಯಾವುದೂ ಅಲ್ಲಿ ಇರಬೇಕೆಂದಿಲ್ಲ. ಅದಕ್ಕೇ ಅಕ್ಕಪಕ್ಕದ ಮನೆಯವರನ್ನು ಮಾತಾಡಿಸು. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅವರು ಹೇಳುವುದು ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಖಾತೆ ಇದ್ದರೆ ಹಕ್ಕಿದೆ ಎಂದು ಯಾರೂ ನಿನ್ನನ್ನು ನಂಬಿಸದಿರಲಿ. ಯಾರ ಹೆಸರಿನಲ್ಲಿ ತೆರಿಗೆ ಕಟ್ಟಿಸಿಕೊಳ್ಳಬೇಕು ಎಂಬ ಲೆಕ್ಕ ಅದು. ಈಗ ಇ-ಖಾತಾ ಬಂದಿದೆ, ಪಂಚಾಯಿತಿ ಕಡೆ ಇ-ಸ್ವತ್ತು ಇದೆ, ಒಳ್ಳೆಯದೇ. ಆದರೆ ಕಂದಾಯ ಜಮೀನನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಸೈಟನ್ನು "ಮುಂದೆ ಎ ಖಾತಾ ಆಗೇ ಆಗುತ್ತೆ ಸರ್" ಎಂದು ಮಾರಬೇಡ. ಆಗಬಹುದು, ಆಗದಿರಬಹುದು, ಸರ್ಕಾರ ಮಾಡಬೇಕಾದ ತೀರ್ಮಾನವನ್ನು ನೀನು ಮಾತು ಕೊಟ್ಟು ಮಾರುವಂತಿಲ್ಲ. ಲೇಔಟಾದರೆ ಮೂರು ಕಾಗದ ಬೇರೆಬೇರೆಯಾಗಿ ಕೇಳು. ಕೃಷಿ ಜಮೀನನ್ನು ವಸತಿಗೆ ಬದಲಿಸಿದ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ, ರೇರಾ ನೋಂದಣಿ. "ಡಿಸಿ ಕನ್ವರ್ಷನ್ ಆಗಿದೆ" ಎಂಬ ಒಂದೇ ಮಾತಿನಲ್ಲಿ ಮೂರನ್ನೂ ಮುಗಿಸಿಬಿಡುವ ರೂಢಿ ಇದೆ. ಒಂದಿದ್ದರೆ ಇನ್ನೊಂದಿದೆ ಎಂದು ಅರ್ಥವಲ್ಲ.

ಪಹಣಿಯ ಹಿಂದಿನ ಚರಿತ್ರೆ ನೋಡುವಾಗ ಮಂಜೂರಾದ ಜಮೀನು ಎಂದು ಕಂಡರೆ ಕೈ ತಡೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ 1978ರ ಕಾಯ್ದೆ ಆ ಮಾರಾಟವನ್ನೇ ಒಪ್ಪುವುದಿಲ್ಲ. ಪಿಟಿಸಿಎಲ್ ಎಂದು ಎಲ್ಲರೂ ಅನ್ನುವುದು ಇದನ್ನೇ. ಆ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಆ ಕಾಯ್ದೆಯನ್ನು ವ್ಯಾಪಾರಕ್ಕೆ ಅಡ್ಡಿ ಎಂದು ಬೈಯುವವರ ನಡುವೆ ನೀನು ಕೂರಬೇಡ. ಒಂದು ಮೂಟೆ ರಾಗಿಗೆ, ಒಂದು ಮದುವೆಯ ಸಾಲಕ್ಕೆ ಆ ಜಮೀನುಗಳು ಕೈಬಿಟ್ಟ ಕಥೆ ನಮ್ಮ ಕಡೆಯ ಹಳ್ಳಿಹಳ್ಳಿಯಲ್ಲೂ ಇದೆ. ಜಿಪಿಎ ಮೇಲೆ ಮಾರುವ ಸ್ವತ್ತು ಕಂಡರೂ ಹಾಗೆಯೇ ಕೈ ತಡೆ. ಬರೀ ಅಧಿಕಾರ ಪತ್ರ, ಕರಾರು, ಉಯಿಲು ಇಟ್ಟುಕೊಂಡರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಹದಿನೈದು ಲಕ್ಷಕ್ಕೆ ಸಿಗುತ್ತದಲ್ಲ ಎಂದು ಜನ ಇನ್ನೂ ಹೋಗಿ ಬೀಳುತ್ತಾರೆ. ಬೀಳುವುದು ಯಾವಾಗಲೂ ಕಡಿಮೆ ದುಡ್ಡಿನವರೇ.

ಬಾಯಿಮಾತಿನ ವಿಷಯಕ್ಕೆ ಬರುತ್ತೇನೆ. ಫ್ಲ್ಯಾಟಿನ ಅಳತೆಯನ್ನು ಕಾರ್ಪೆಟ್ ಏರಿಯಾದಲ್ಲೇ ಹೇಳು. ಸೂಪರ್ ಬಿಲ್ಟಪ್ ಎಂದು ಲಿಫ್ಟು, ಮೆಟ್ಟಿಲು ಎಲ್ಲ ಸೇರಿಸಿ ಹೇಳಿದರೆ ಒಳಗೆ ಮಂಚ ಹಾಕುವ ದಿನ ಗಿರಾಕಿಗೆ ಸತ್ಯ ತಿಳಿಯುತ್ತದೆ. ಮೆಟ್ರೊ ಬರುತ್ತೆ, ರಿಂಗ್ ರೋಡ್ ಬರುತ್ತೆ ಎಂಬುದನ್ನು ಕಣ್ಣಿಗೆ ಕಂಡಷ್ಟು ಮಾತ್ರ ಹೇಳು. ವಾಸಕ್ಕೆ ಅನುಮತಿ ಕೊಡುವ ಓಸಿ ಬಂದಿದೆಯೇ, ಇಲ್ಲವೇ ಎಂದು ಗಿರಾಕಿ ಕೇಳುವ ಮುನ್ನ ನೀನೇ ತಿಳಿಸು. ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣವನ್ನು ಕರಾರು ನೋಂದಣಿ ಆಗದೆ ಬಿಲ್ಡರು ಪಡೆಯುವಂತಿಲ್ಲ ಎಂಬುದನ್ನು ನಿನ್ನ ಬಾಯಿಂದಲೇ ಅವರು ಮೊದಲು ಕೇಳಲಿ. ಬಿಲ್ಡರಿಗೆ ಸಿಟ್ಟು ಬಂದೀತು, ಬರಲಿ. ಮುಂದೆ ರೇರಾಕ್ಕೆ ದೂರು ಕೊಟ್ಟು, ಹಣ ವಾಪಸ್ ಎಂಬ ಆದೇಶ ಹಿಡಿದುಕೊಂಡು, ಅದರ ವಸೂಲಿಗೆ ಕಂದಾಯ ಕಚೇರಿಗೆ ಅಲೆದವರನ್ನು ಕಂಡಿದ್ದೇನೆ. ಆದೇಶ ಸಿಕ್ಕರೂ ದುಡ್ಡು ಕೈಗೆ ಬರಲು ವರ್ಷಗಳು ಹಿಡಿಯುತ್ತವೆ. ಮೊದಲೇ ಎಚ್ಚರಿಸುವುದರಿಂದ ಉಳಿಯುವಷ್ಟು ಹಣ ಆಮೇಲೆ ಯಾವ ಕಾನೂನಿನಿಂದಲೂ ಉಳಿಯುವುದಿಲ್ಲ.

ಬಾಡಿಗೆ ಮನೆ ತೋರಿಸುವಾಗ "ಯಾವ ಜನ?" ಎಂದು ಕೇಳಿ ತಿಳಿಸು ಎನ್ನುವ ಮಾಲೀಕರು ಸಿಗುತ್ತಾರೆ. ಆ ಪ್ರಶ್ನೆಯನ್ನು ನಿನ್ನ ಬಾಯಿಂದ ಕೇಳಬೇಡ. ಬಾಡಿಗೆ ಕಟ್ಟುವ ಶಕ್ತಿ ಇದೆಯೇ, ಕರಾರು ಪಾಲಿಸುತ್ತಾರೆಯೇ, ಇಷ್ಟೇ ನಿನಗೆ ಸಂಬಂಧ. ಒಬ್ಬ ಮಾಲೀಕ ಬಿಟ್ಟುಹೋದರೆ ಹೋಗಲಿ.

ದುಡ್ಡಿನ ವಿಷಯದಲ್ಲಿ ನಾಲ್ಕು ಮಾತು. ಕಮಿಷನ್ ಇಷ್ಟೇ ಇರಬೇಕು ಎಂದು ರೇರಾ ಕಾಯ್ದೆ ಹೇಳಿಲ್ಲ. ಶೇ 1, ಶೇ 2, ಒಂದು ತಿಂಗಳ ಬಾಡಿಗೆ ಎಂಬುದೆಲ್ಲ ರೂಢಿ. ಹಾಗಾಗಿ ಮೊದಲ ದಿನವೇ ಬರೆದು ಸಹಿ ಮಾಡಿಸಿಕೋ. ಎರಡು ಕಡೆಯಿಂದಲೂ ತೆಗೆದುಕೊಳ್ಳುವುದಾದರೆ ಇಬ್ಬರಿಗೂ ಗೊತ್ತಿರಲಿ. ಟೋಕನ್ ಅಡ್ವಾನ್ಸನ್ನು ನಿನ್ನ ಖಾತೆಗೆ ಯಾವತ್ತೂ ಹಾಕಿಸಿಕೊಳ್ಳಬೇಡ, ಒಂದು ದಿನಕ್ಕೂ ಬೇಡ. ಸ್ವತ್ತಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಬೀಳುವ ಕಾನೂನಿದೆ, ಮಾರುವವರಿಗೆ ಅದನ್ನು ತಿಳಿಸು. ವರ್ಷಕ್ಕೆ ನಿನ್ನ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು, ಕಮಿಷನ್ ಮೇಲೆ ಶೇ 18. ಕೊಳ್ಳುವವರಿಗೆ ಖರ್ಚಿನ ಲೆಕ್ಕ ಹಾಕಿಕೊಡುವಾಗ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿರುವುದನ್ನು ಮರೆಯಬೇಡ. ಹಳೆಯ ಲೆಕ್ಕ ಹೇಳಿ ಕೊನೆ ಗಳಿಗೆಯಲ್ಲಿ ಅವರು ಸಾಲ ಹುಡುಕುವಂತೆ ಮಾಡಬಾರದು. ಒಂದು ವ್ಯವಹಾರ ಆಗಿ ಇನ್ನೊಂದಕ್ಕೆ ತಿಂಗಳುಗಟ್ಟಲೆ ಕಾಯಬೇಕಾದೀತು. ಆ ಬರಗಾಲದಲ್ಲೇ ಮನುಷ್ಯರು ಕೆಡುವುದು. ಮನೆ ಖರ್ಚಿಗೆ ಆಗುವಷ್ಟು ಉಳಿಸಿಕೊಂಡು ಕೆಲಸ ಬಿಡು.

ನಿನ್ನಪ್ಪನ ಅಂಜಿಕೆಯಲ್ಲಿ ಒಂದು ನ್ಯಾಯ ಇದೆ. ಖಾಲಿ ಲೇಔಟಿಗೆ, ಬೀಗ ಹಾಕಿದ ಮನೆಗೆ ಗುರುತಿಲ್ಲದವರ ಜೊತೆ ಒಬ್ಬಳೇ ಹೋಗಬೇಡ. ಮೊದಲು ಅವರ ಗುರುತಿನ ಚೀಟಿ ಕೇಳು, ಬೆಳಕಿರುವಾಗ ಹೋಗು, ಜೊತೆಗೊಬ್ಬರನ್ನು ಕರೆದುಕೋ, ಎಲ್ಲಿದ್ದೀಯ ಎಂದು ಮನೆಗೆ ಲೊಕೇಶನ್ ಕಳಿಸು. ಹೀಗೆ ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವ ಗಿರಾಕಿ ಬೇಡ. ಉಳಿದಂತೆ ಹೆಣ್ಣುಮಗಳು ಎಂಬ ಕಾರಣಕ್ಕೆ ಈ ಕೆಲಸ ನಿನಗೆ ಸಲ್ಲದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಅವನಿಗೂ ಹಾಗೆಯೇ ಹೇಳಿದ್ದೇನೆ. ಮನೆ ಕೊಳ್ಳುವ ಹೆಂಗಸರು ತಮ್ಮ ಸಂಶಯಗಳನ್ನು ನಿನ್ನ ಹತ್ತಿರ ಬಾಯಿಬಿಟ್ಟು ಕೇಳುತ್ತಾರೆ. ಅಂಥವರು ಈಗ ಬಹಳ ಇದ್ದಾರೆ, ತಮ್ಮ ಸಂಬಳದಲ್ಲೇ ಕೊಳ್ಳುವವರು.

ಸರ್ಟಿಫಿಕೇಟ್ ಬಂದ ದಿನ ಅದನ್ನು ಎಲ್ಲರಿಗೂ ಕಾಣುವಂತೆ ಕಚೇರಿಯ ಗೋಡೆಗೆ ಹಾಕು, ನಿಯಮವೂ ಅದನ್ನೇ ಹೇಳುತ್ತದೆ. ಅವಧಿ ಮುಗಿಯುವ ಮೂರು ತಿಂಗಳ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಬೇಕು, ತಾರೀಕು ಈಗಲೇ ಬರೆದಿಟ್ಟುಕೋ. ಸದ್ಯಕ್ಕೆ ನೀನು ಮಾಡಬೇಕಾದದ್ದು ಇಷ್ಟೇ. ಶುಲ್ಕ ಕಟ್ಟುವ ಮುನ್ನ ನಿನಗೆ ಗೊತ್ತಿರುವ ಯಾವುದಾದರೂ ಒಂದು ಸ್ವತ್ತಿನ ಮೂಲಪತ್ರ, ಇಸಿ, ಖಾತೆ, ಪಹಣಿ ತೆಗೆದುಕೊಂಡು ಆರಂಭದಿಂದ ಕೊನೆಯವರೆಗೆ ಓದು. ಅರ್ಥವಾಗದ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಬರುವ ಭಾನುವಾರ ಕಾಗದಗಳ ಸಮೇತ ತುಮಕೂರಿಗೆ ಬಾ.